ಕುಂಕುಮವಿಲ್ಲದ ಡಿಸ್ಕ್

ಆರ್.ಟಿ. ನಗರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ದಾಕ್ಷಾಯಣಿಯ ಕಂಪ್ಯೂಟರಿನಲ್ಲಿ ನಾಲ್ಕು ಎಸ್‌ಎಸ್‌ಡಿ ಡಿಸ್ಕುಗಳಿದ್ದವು. ಪ್ರತಿ ಫೈಲೂ ತುಂಡಾಗಿ ನಾಲ್ಕರಲ್ಲೂ ಹಂಚಿಹೋಗುವಂತೆ ಅವನ್ನು ಜೋಡಿಸಿದ್ದಳು. ಕೆಲಸ ಬೇಗ ಸಾಗುತ್ತಿತ್ತು. ಆದರೆ ಒಂದು ನಿಧಾನಿಸಿದರೆ ಮಿಕ್ಕವೂ ಅದಕ್ಕಾಗಿ ಕಾಯಬೇಕು. ತುಂಬಿದ ಡಿಸ್ಕ್ ನಿಧಾನವಾಗುತ್ತದೆ; ಅದಕ್ಕೇ ಅವಳು ಡಿಸ್ಕುಗಳನ್ನು ಪೂರ್ತಿ ತುಂಬಿಸುತ್ತಿರಲಿಲ್ಲ. ಪ್ರತಿ ಸೋಮವಾರ ಪೂಜೆ ಮುಗಿಸಿ ಬಂದು, ಅಳಿಸಿದ ಫೈಲುಗಳ ಜಾಗ ಮತ್ತೆ ಬರೆಯಲು ಸಿದ್ಧವಾಗುವಂತೆ ಟ್ರಿಮ್ ಮಾಡಿಸುತ್ತಿದ್ದಳು. ಜೊತೆಗೆ ಕೆಲಸ ಮಾಡುವ ಗೋಪಿಗೂ ಇದನ್ನೆಲ್ಲ ತಾನೇ ಕಲಿಸಿದ್ದಳು.

ಅಂಗಡಿಯ ಕೀಲಿಯನ್ನು ಗೋಪಿಗೆ ಕೊಟ್ಟು ಗದಗಕ್ಕೆ ಹೋಗಿ ಬಂದ ದಿನ ವಿಡಿಯೊ ತಡವರಿಸತೊಡಗಿತು. ಜಾಗ ಖಾಲಿಯಿತ್ತು, ಟ್ರಿಮ್ಮೂ ಆಗಿತ್ತು. ಕೊನೆಗೆ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದಳು. ಆಯುಧಪೂಜೆಯಂದು ನಾಲ್ಕೂ ಡಿಸ್ಕಿಗೆ ಕುಂಕುಮ ಹಚ್ಚಿದ್ದಳು. ಮೂರನೆಯದರ ಮೇಲೆ ಅದಿರಲಿಲ್ಲ.

"ಗೋಪಿ, ಇದು ನಮ್ದಲ್ಲ. ನಮ್ದು ಎಲ್ಲಿ ಹೋತು?"

ಗೋಪಿ ಫೋನಿನಿಂದ ತಲೆಯೆತ್ತಲಿಲ್ಲ. "ಅಯ್ಯೋ ಅಕ್ಕಾ, ನನ್ ಸಿಸ್ಟಮ್‌ಗೆ ಒಂದ್ ಬೇಕಿತ್ತು. ಹಳೇದೊಂದ್ ಹಾಕಿದೀನಲ್ಲ! ಒಂದ್ ಫೈಲೂ ಹೋಗಿಲ್ಲ, ನೋಡ್ಕೊಳ್ಳಿ."

ನಿಜ. ಎಲ್ಲವನ್ನೂ ಬೇರೆಡೆ ಇಳಿಸಿ, ಡಿಸ್ಕ್ ಬದಲಿಸಿ, ನಾಲ್ಕನ್ನೂ ಹೊಸದಾಗಿ ಜೋಡಿಸಿ ಮತ್ತೆ ತುಂಬಿಸಿದ್ದ. ಅವಳು ಕಲಿಸಿದಂತೆ ಖಾಲಿ ಜಾಗವನ್ನೂ ಬಿಟ್ಟಿದ್ದ. ಆ ಅಚ್ಚುಕಟ್ಟುತನವೇ ಅವಳ ಎದೆಗೆ ಚುಚ್ಚಿತು.

"ಕೇಳಿದ್ರ ಕೊಡ್ತಿದ್ದೆನಲ್ಲೋ."

"ಗೊತ್ತಾಗಲ್ಲ ಅನ್ಕೊಂಡೆ ಕಣಕ್ಕಾ."

ದಾಕ್ಷಾಯಣಿ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಕೊಂಡು, ಆ ಹಳೆಯದನ್ನು ಕಿತ್ತು ಅವನ ಅಂಗೈಗಿಟ್ಟಳು. ಆಮೇಲೆ ಅಂಗಡಿಯ ಕೀಲಿಗಾಗಿ ಕೈ ಚಾಚಿದಳು.