ಅಟ್ಟದ ಮೇಲಿನ ಗೇರು

ಯಾವುದೇ ವಸ್ತುವಿನ ನಿಜವಾದ ಸತ್ವ ಅದರ ಒಳಗೆ ಅಡಗಿರುತ್ತದೆ. ಹೊರಗಣ್ಣಿಗೆ ಅದು ಗೋಚರವಾಗುವುದಿಲ್ಲ. ನನ್ನ ಬಲ ಮೊಣಕಾಲು ಇದಕ್ಕೆ ಅಪವಾದ. ಅದರ ಒಳಗೂ ಏನೂ ಉಳಿದಿಲ್ಲವೆಂದು ಡಾಕ್ಟರು ಎಕ್ಸ್‌ರೇ ಎತ್ತಿಹಿಡಿದು ತೋರಿಸಿದರು.

ಗುಜರಾತಿನ ವಡೋದರಾದ ಫತೇಗಂಜಿನಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಬೆಳಿಗ್ಗೆ ಸೈಕಲ್ಲಿನಲ್ಲಿ ಫ್ಲೈಓವರ್ ಹತ್ತಿಳಿದು ತರಕಾರಿ ತರುವುದು ನನ್ನ ಕೆಲಸ. ದಿನವಿಡೀ ಕಾವಲಿಯ ಹಬೆಯಲ್ಲಿ ನಿಲ್ಲುವವನಿಗೆ ಗಾಳಿ ಸಿಗುತ್ತಿದ್ದುದು ಆಗ ಮಾತ್ರ. ಎಕ್ಸ್‌ರೇ ಕಂಡ ಮಗಳು ತೀರ್ಪು ಕೊಟ್ಟಳು: "ಪಪ್ಪಾ, ಇಳೀದೆ ಬ್ರಿಡ್ಜ್ ಹತ್ತಿ ತೋರಿಸು. ನವರಾತ್ರಿ ತಕ್ ಟೈಮ್. ನಹೀಂ ತೋ ಸೈಕಲ್ ಬಂದ್." ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಸ್ವಲ್ಪ ಕಡಿಮೆ, ಕಾನೂನು ಸ್ವಲ್ಪ ಜಾಸ್ತಿ.

ಗೇರಿಲ್ಲದ ನನ್ನ ಸೈಕಲ್ಲಿಗೆ ಗೇರು ಹಾಕಿಸುವುದೊಂದೇ ದಾರಿ. ಅದೂ ಮಳೆ, ಧೂಳು ತಾಗದಂತೆ ಹಿಂದಿನ ಚಕ್ರದ ನಡುವಣ ಕಬ್ಬಿಣದ ಉಂಡೆಯ, ಅಂದರೆ ಹಬ್ಬಿನ, ಒಳಗೇ ಹಲ್ಲುಚಕ್ರಗಳು ಕೂತಿರುವ ಒಳಗೇರು. ಎಣ್ಣೆ ಕಂಪನಿಯಿಂದ ನಿವೃತ್ತರಾಗಿ ಗುಜರಾತಿನಲ್ಲೇ ಚಾಂದ್‌ಖೇಡಾದಲ್ಲಿರುವ ಭಾವನದು, ಎಂದರೆ ಅಕ್ಕನ ಗಂಡನದು, ಎಂಟು ಗೇರಿನ ಪಕ್ಷ. ನನ್ನದು ಮೂರು ಗೇರಿನ ಪಕ್ಷ. ಫೋನಿನಲ್ಲಿ ನಾವು ನಡೆಸಿದ ಚರ್ಚೆಯ ಗಾಂಭೀರ್ಯಕ್ಕೆ ಎರಡು ದೇಶಗಳ ಗಡಿ ಇತ್ಯರ್ಥವಾಗಬಹುದಿತ್ತು.

"ಎಂಟ್ರಲ್ಲಿ ಮೊದಲನೇದಕ್ಕೆ ಹಾಕು, ಗೋಡೆ ಬೇಕಾರೂ ಹತ್ತತ್ತ್ ಮಾರಾಯ!"

"ಒಳಗೆ ಚಕ್ರ ಹೆಚ್ಚಾದಷ್ಟೂ ಬಲ ಸೋರತ್ತ್ ಭಾವ. ನಮ್ಮ ಹೋಟೆಲಲ್ಲಿ ಕಾಣಿ, ಆರ್ಡರು ನಾಲ್ಕು ಬಾಯಿ ದಾಟಿ ಒಳಗೆ ಹೋದ್ರೆ ಮಸಾಲೆದೋಸೆ ಸಾದಾ ಆಗಿ ಬತ್ತ್."

ಮೂರರ ನಡುವಣ ಗೇರಿನಲ್ಲಿ ಕಾಲಿನ ಬಲ ಎಲ್ಲೂ ನಿಲ್ಲದೆ ನೇರ ಚಕ್ರಕ್ಕೆ ಹೋಗುತ್ತದೆ. ಆಗಾಗ ನಾಲ್ಕು ಹನಿ ಎಣ್ಣೆ ಬಿಟ್ಟರೆ ಅದು ನಮ್ಮ ನಂತರವೂ ಬಾಳುತ್ತದೆ. ಎಂಟರದ್ದು ನಾಜೂಕು, ಒಮ್ಮೆ ನೀರು ಹೊಕ್ಕರೆ ಮುಗಿಯಿತು.

ಭಾವ ಒಪ್ಪಲಿಲ್ಲ. ತಮ್ಮ ಎಂಟು ಗೇರಿನ ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಬಂದೇಬಿಟ್ಟರು. ನಾನು ಮೊದಲನೇ ಗೇರಿಗೆ ಹಾಕಿ ಫ್ಲೈಓವರಿನ ಏರು ಹತ್ತತೊಡಗಿದೆ. ಕಾಲು ಗ್ರೈಂಡರಿನಂತೆ ತಿರುಗಿತು. ಸೈಕಲ್ಲು ಗ್ರೈಂಡರಿನಂತೆಯೇ ಇದ್ದಲ್ಲೇ ಇತ್ತು. ನಡೆದುಕೊಂಡು ಹೊರಟಿದ್ದ ಕಾಲೇಜು ಹುಡುಗಿಯೊಬ್ಬಳು ನನ್ನನ್ನು ದಾಟಿಹೋಗುತ್ತ, "ಕಾಕಾ, ಧಕ್ಕೋ ಮಾರೂ?" ಎಂದು ತಳ್ಳಿಕೊಡಲು ಮುಂದಾದಳು. ಉತ್ತರ ಕೊಡುವಷ್ಟರಲ್ಲಿ ಹಬ್ಬಿನೊಳಗೆ ಕಟಕ್ ಎಂದಿತು, ಪೆಡಲು ಸುಮ್ಮನೆ ತಿರುಗಿತು, ಕಾಲು ನೆಲ ಮುಟ್ಟಿತು.

"ಕೇಬಲ್ ಸಡಿಲ ಆದದ್ದ್, ಹಬ್ಬಿನ ತಪ್ಪಲ್ಲ," ಎಂದರು ಭಾವ.

"ಪಪ್ಪಾ, ನೀನು ಇಳಿದೆ," ಎಂದಳು ಮಗಳು.

ಉಳಿದದ್ದು ಮೂರು ಗೇರು. ಹಡಗಿನ ಕೆಲಸದಲ್ಲಿದ್ದ ಭಾವನ ಚಿಕ್ಕಪ್ಪ ತಂದಿದ್ದ ವಿದೇಶಿ ಸೈಕಲ್ಲಿನ ಮೂರು ಗೇರಿನ ಹಬ್ಬೊಂದು ಕುಂದಾಪುರದಲ್ಲಿ ಅವರ ಮನೆಯ ಅಟ್ಟದ ಮೇಲಿತ್ತು. ಅಕ್ಕ ಮದುವೆಯೊಂದಕ್ಕೆ ಅಲ್ಲಿಗೇ ಹೋಗಿದ್ದಳು. ಭಾವ ಉದಾರ ಮನಸ್ಸಿನಿಂದ ಅವಳಿಗೆ ಫೋನು ಮಾಡಿ ನನ್ನೆದುರೇ ಹೇಳಿದರು: "ಅಟ್ಟದ ಮೇಲಿನ ಗೇರು ತಕಂಡ್ ಬಾ. ಮರೀಬೇಡ."

ಅಕ್ಕ ಮರೆಯಲಿಲ್ಲ. ಸ್ಟೇಷನ್ನಿನಲ್ಲಿ ಅವಳನ್ನು ಎದುರುಗೊಂಡಾಗ ನನ್ನ ಕೈಗೆ ಒಂದು ಗೋಣಿಚೀಲ ಕೊಟ್ಟಳು. ಹಬ್ಬಿಗಿಂತ ದೊಡ್ಡದಾಗಿತ್ತು. ಅಲ್ಲಾಡಿಸಿದೆ, ಗಲಗಲ ಎಂದಿತು. ಒಳಗಿದ್ದದ್ದು ಸಿಪ್ಪೆ ಸಮೇತ ಗೇರುಬೀಜ.

"ಅಕ್ಕಾ, ಗೇರು ಅಂದ್ರೆ ಸೈಕಲ್ಲಿಂದು!"

"ಅಟ್ಟದ ಮೇಲೆ ಸೈಕಲ್ ಬಿಡುವವರು ಯಾರು? ಗೇರು ಅಂದ್ರು, ಗೇರು ತಂದೆ. ಇನ್ನೆಂತ?"

"ಅಲ್ಲಿ ಒಂದು ಕಬ್ಬಿಣದ ಉಂಡೆ ಇರ್ಲಿಲ್ವಾ?"

"ಹೋ, ಅದಾ! ಚೀಲ ತೆಗೀಲಿಕ್ಕೆ ಅಡ್ಡ ಇತ್ತ್. ಗುಜರಿಯವನಿಗೆ ಕೊಟ್ಟೆ."

ಗುಜರಾತಿಗೆ ಬರಬೇಕಾದದ್ದು ಗುಜರಿಗೆ ಹೋಗಿತ್ತು. ನಾನು ಚೀಲ ಹೊತ್ತುಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಇದ್ದೆ. ಬಾಳಿಕೆಯಲ್ಲಿ ಯಾವುದು ಮೇಲು ಎಂದು ಈಗ ಯಾರೊಡನೆ ವಾದಿಸುವುದು? ಭಾವನಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, "ಬೀಜ ಒಳ್ಳೇದಿತ್ತಾ?" ಎಂದು ಕೇಳಿದರು.

ನವರಾತ್ರಿಗೆ ಮುಂಚೆ ಬೇರೆ ಹಬ್ಬು ಸಿಗುವಂತಿರಲಿಲ್ಲ. ಮಗಳ ತೀರ್ಪಿನಂತೆ ಸೈಕಲ್ಲನ್ನು ಹಾಸ್ಟೆಲಿನ ವಿದ್ಯಾರ್ಥಿಯೊಬ್ಬನಿಗೆ ಕೊಟ್ಟೆವು. ತರಕಾರಿ ಈಗ ರಿಕ್ಷಾದಲ್ಲಿ ಬರುತ್ತದೆ.