ಸಿಡಿಲಿಗೆ ಸತ್ತ ಆರು ಕುರಿಗಳ ಕಿವಿ

ಸಿಡಿಲು ಬಡಿದು ನನ್ನ ಆರು ಕುರಿ ಸತ್ತವು. ಸರ್ಕಾರದ ಪರಿಹಾರ ನನಗೆ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನಷ್ಟೇ ಹೇಳುತ್ತೇನೆ.

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಮನಗೂಳಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದೇನೆ. ದುಡಿದ ದುಡ್ಡಿನಲ್ಲಿ ಹತ್ತು ಹೆಣ್ಣು ಕುರಿ ಕೊಂಡು, ಸಿಂದಗಿ ತಾಲೂಕಿನ ನಮ್ಮೂರಲ್ಲಿ ಒಬ್ಬ ಮುದುಕನಿಗೆ ಪಾಲಿಗೆ ಕೊಟ್ಟಿದ್ದೆ. ಹುಟ್ಟಿದ ಮರಿಗಳಲ್ಲಿ ಅರ್ಧ ಅವನಿಗೆ, ಅರ್ಧ ನನಗೆ. ಸಂಬಂಧಿಕನಲ್ಲ, ಆದರೂ ಕಾಕಾ ಅನ್ನುತ್ತಿದ್ದೆ. ತನ್ನ ಕುರಿಗಳ ಜೊತೆ ನನ್ನವನ್ನೂ ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ತಿರುಗುತ್ತಿದ್ದ.

ಆ ದಿನ ಯಂಕಂಚಿ ಹತ್ತಿರ ಸಂಜೆಯ ಮಳೆ. ಕುರಿಗಳು ಬೇವಿನ ಮರದ ಕೆಳಗೆ ಒತ್ತಿಕೊಂಡು ನಿಂತಿದ್ದವು. ಸಿಡಿಲು ಮರಕ್ಕೇ ಬಿತ್ತು. ನನ್ನವು ಆರು, ಕಾಕಾನವು ಮೂರು ಹೋದವು. ಕಾಕಾ ಫೋನ್ ಮಾಡಿ ಹೇಳಿದ. ಏನನ್ನೂ ಮುಟ್ಟಬೇಡ ಎಂದು ಹೇಳಲು ನನಗೆ ಹೊಳೆಯಲಿಲ್ಲ.

ಬೆಳಿಗ್ಗೆ ಹೋದಾಗ ನನ್ನ ಕೈಗೆ ಒಂದು ಅರಿವೆಯ ಗಂಟು ಕೊಟ್ಟ. ಬಿಚ್ಚಿದರೆ ಆರು ಕಿವಿ. ಒಂದೊಂದರಲ್ಲೂ ಸರ್ಕಾರದವರು ಗುರುತಿಗೆ ಚುಚ್ಚಿದ್ದ ನಂಬರಿನ ಹಳದಿ ಬಿಲ್ಲೆ.

"ಎಣಿಸ್ಕೋ ತಮ್ಮಾ," ಎಂದ.

ಪಾಲಿನ ಕುರಿ ದೂರದಲ್ಲಿ ಸತ್ತರೆ ಕಾಯುವವನು ಅದರ ಕಿವಿ ಕೊಯ್ದು ಒಡೆಯನಿಗೆ ತೋರಿಸಬೇಕು. ತಾನು ಮಾರಿಕೊಂಡಿಲ್ಲ, ಕೊಯ್ದು ತಿಂದಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಕಾಕಾನ ಅಪ್ಪನೂ ಹಾಗೇ ಮಾಡಿದ್ದನಂತೆ.

ಹತ್ತು ಗಂಟೆಗೆ ದನದ ಡಾಕ್ಟರ್ ಬಂದರು. ಮೊದಲು ಕಾಕಾನ ಮೂರು ಕುರಿ ನೋಡಿ, ಫೋಟೊ ತೆಗೆದು, ಹೊಟ್ಟೆ ಕೊಯ್ದು ನೋಡಿ ಬರೆದುಕೊಂಡರು. ಆಮೇಲೆ ನನ್ನವುಗಳ ಹತ್ತಿರ ಬಂದರು.

"ಇವುಕ್ಕ ಕಿವಿ ಎಲ್ಲಿ ಅದಾವು?"

"ನಾನ ಕೊಯ್ದೇನ್ರಿ ಸಾಹೇಬ್ರ. ಈ ಹುಡುಗ ನಂಬಬೇಕಲ್ರಿ."

"ಅಯ್ಯ ಮಾರಾಯಾ! ಬಿಲ್ಲೆ ಕಿವಿಯಾಗ, ಕಿವಿ ತಲಿಗಿ ಇದ್ದಂಗ ಫೋಟೊ ಬೇಕು. ಈಗ ಯಾವ ಕಿವಿ ಯಾವ ಕುರೀದು ಅಂತ ಬರೀಲಿ?"

ಕಾಕಾ ಕೆಸರಲ್ಲೇ ಕೂತ. ಒಂದೊಂದೇ ಕಿವಿ ಎತ್ತಿ ಅದರ ತಲೆಯ ಹತ್ತಿರ ಇಟ್ಟ. "ಇದು ಕರೀ ಮೂತಿದು. ಇದು ಕುಂಟೀದು. ಇದು ಅವಳಿ ಈದಿದ್ದು." ಒಂದೂ ತಪ್ಪಲಿಲ್ಲ. ಡಾಕ್ಟರ್ ಹಾಗೇ ಫೋಟೊ ತೆಗೆದರು. "ಕಳಸ್ತೇನಿ. ಮ್ಯಾಲಿನವರು ಒಪ್ಪೂದು ಅನುಮಾನ," ಅಂದು ಹೋದರು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ನಿನ್ನವುಕ್ಕ ಯಾಕ ಕೊಯ್ಲಿಲ್ಲ ಕಾಕಾ? ಭಾಳ ಶಾಣ್ಯಾ ಅದಿ ಬಿಡು."

"ನನ್ನವು ಯಾರಿಗಿ ತೋರಸ್ಲೋ?" ಎಂದ.

ನಾಲ್ಕು ಸಲ ಸಿಂದಗಿಗೆ ಹೋದೆ. ಕೊನೆಗೆ ಕಚೇರಿಯವನೊಬ್ಬ ನಕ್ಕು, "ಬರೇ ಕಿವಿಗಿ ಪರಿಹಾರ ಕೊಡಾಕ ಬರೂದಿಲ್ಲೋ ತಮ್ಮಾ," ಎಂದ. ಕಾಕಾನ ಮೂರಕ್ಕೆ ಮಾತ್ರ ದುಡ್ಡು ಬಂತು.

ಆ ದುಡ್ಡು ತೆಗೆದುಕೊಂಡು ಕಾಕಾ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದ. ಅಷ್ಟನ್ನೂ ನನ್ನ ಮುಂದೆ ಇಟ್ಟ.

"ನಿನ್ನ ಆರಕ್ಕ ಇದು ಸಾಲೂದಿಲ್ಲ. ಬಂದದ್ದು ಇಷ್ಟ."

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಕೈ ಒರೆಸಿಕೊಂಡು ತೆಗೆದುಕೊಂಡೆ. ಚಹಾ ತರಿಸಿದೆ. ಕುಡಿದು ಎದ್ದ.

"ಉಳದ ನಾಕು ಕುರಿ ನಿಮ್ಮ ಮನಿಗಿ ಹೊಡಕೊಂಡು ಬರ್ತೇನಿ."

"ಯಾಕ? ನಿನ್ನ ಕಡೇನ ಇರ್ಲಿ ಬಿಡು ಕಾಕಾ."

"ರೊಕ್ಕಾ ತಗೊಂಡಿ. ಅಂದ್ರ ತಪ್ಪು ನಂದಂತ ಆತು. ತಪ್ಪು ಮಾಡಿದವನ ಕೈಯಾಗ ಪಾಲಿನ ಕುರಿ ಇರಬಾರ್ದು."

ಆಗಲೂ ಆ ದುಡ್ಡು ತಿರುಗಿ ಕೊಡಬಹುದಿತ್ತು. ಜೇಬಿನಲ್ಲೇ ಇತ್ತು. ಕೊಡಲಿಲ್ಲ.

ಎರಡು ದಿನಕ್ಕೆ ನಾಲ್ಕೂ ಕುರಿಗಳನ್ನು ಊರಲ್ಲಿ ಅವ್ವನ ಮುಂದೆ ಕಟ್ಟಿ ಹೋದ. ಕಾಕಾನ ಹಿಂಡು ಹೋದ ದಿಕ್ಕಿಗೆ ಮುಖ ಮಾಡಿ ಒದರುತ್ತಿದ್ದವು, ಮೇವು ಮುಟ್ಟಲಿಲ್ಲ ಎಂದು ಅವ್ವ ಹೇಳಿದಳು. ಕಾಯುವವರು ಬೇರೆ ಯಾರೂ ಇರಲಿಲ್ಲ. ದೇವರ ಹಿಪ್ಪರಗಿ ಸಂತೆಯಲ್ಲಿ ಮಾರಿದೆ.