ಸಿದ್ದಾಪುರದ ಬಂಡೆಗಳಲ್ಲಿ ಹದಿನಾಲ್ಕು ಕಂಟ್ರೋಲ್

ಕೊರೊನಾ ಮುಗಿದು ಶಾಲೆಗಳು ಪೂರ್ತಿ ತೆರೆದ ಮರುವರ್ಷದ ಚಳಿಗಾಲ. ನಾನು ಮೊಳಕಾಲ್ಮೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು. ಆ ವರ್ಷ ಸುತ್ತಮುತ್ತಲ ಶಾಲಾ ಕಾಲೇಜುಗಳು ಸೇರಿ ಓರಿಯಂಟೀರಿಂಗ್ ಸ್ಪರ್ಧೆ ನಡೆಸುವುದೆಂದು ತೀರ್ಮಾನವಾಯಿತು. ಕೋರ್ಸ್ ಪ್ಲಾನರ್, ಅಂದರೆ ಓಟದ ದಾರಿ ರೂಪಿಸುವವಳ ಕೆಲಸ ನನ್ನ ಪಾಲಿಗೆ ಬಂತು. ಜಿಲ್ಲೆಯಲ್ಲಿ ಈ ಆಟ ಬಲ್ಲವರು ಬೆರಳೆಣಿಕೆಯಷ್ಟೇ ಇದ್ದರು. ನಾನು ಎನ್‌ಸಿಸಿ ಶಿಬಿರಗಳಲ್ಲಿ ಕಲಿತು, ಇಪ್ಪತ್ತು ವರ್ಷ ಮಕ್ಕಳಿಗೆ ಕಲಿಸಿದ್ದೆ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಓಟಗಾರರ ಕೈಗೆ ಒಂದು ನಕ್ಷೆ, ಒಂದು ದಿಕ್ಸೂಚಿ ಕೊಡುತ್ತೇವೆ. ನಕ್ಷೆಯ ಮೇಲೆ ಅಂಕಿ ಹಾಕಿದ ವೃತ್ತಗಳಿರುತ್ತವೆ. ಪ್ರತಿ ವೃತ್ತದ ನಡುಬಿಂದು ತೋರಿಸುವ ಜಾಗದಲ್ಲಿ ಕಿತ್ತಳೆ ಬಿಳುಪಿನ ಬಾವುಟ ಕಟ್ಟಿರುತ್ತೇವೆ. ಅದಕ್ಕೇ ಕಂಟ್ರೋಲ್ ಎನ್ನುವುದು. ಅಲ್ಲಿ ತೂಗುಬಿಟ್ಟ ಪಂಚಿನಿಂದ ತಮ್ಮ ಕಾರ್ಡಿಗೆ ತೂತು ಹಾಕಿಕೊಂಡು ಮುಂದಿನದಕ್ಕೆ ಓಡಬೇಕು. ದಾರಿ ಯಾರೂ ಹೇಳುವುದಿಲ್ಲ. ಈ ಓಟದಲ್ಲಿ ಮೂರ್ನಾಲ್ಕು ಬಗೆ ಇವೆ. ನನಗೆ ಒಪ್ಪಿಸಿದ್ದು ಹುಡುಗಿಯರ ಮಿಡ್ಲ್ ಡಿಸ್ಟೆನ್ಸ್, ಅಂದರೆ ನಡುದೂರದ ಓಟ. ಗೆಲ್ಲುವವರು ಸುಮಾರು ಮೂವತ್ತೈದು ನಿಮಿಷದಲ್ಲಿ ಮುಗಿಸಬೇಕು. ಲಾಂಗ್ ಡಿಸ್ಟೆನ್ಸ್ ಓಟಗಾರನ ದಮ್ಮು ಪರೀಕ್ಷಿಸುತ್ತದೆ, ಮಿಡ್ಲ್ ಅವನ ಕಣ್ಣು ಮತ್ತು ತಲೆಯನ್ನು. ಬರೀ ಕಾಲಿಗೆ ಕೆಲಸ ಕೊಟ್ಟು ತಲೆಗೆ ರಜೆ ಕೊಡುವ ಜಾಗ ಅದರಲ್ಲಿ ಇರಬಾರದು. ದಿಕ್ಕು ಬದಲಾಗುತ್ತಿರಬೇಕು, ವೇಗ ಬದಲಾಗುತ್ತಿರಬೇಕು, ಹೆಜ್ಜೆ ಹೆಜ್ಜೆಗೂ ನಕ್ಷೆ ನೋಡಲೇಬೇಕು.

ಹಾಗಾಗಿ ನಾನು ಸಿದ್ದಾಪುರದ ಬಂಡೆಗುಡ್ಡಗಳನ್ನು ಆರಿಸಿದೆ. ಒಂದರ ಮೇಲೊಂದು ಪೇರಿಸಿಟ್ಟಂಥ ಗುಂಡುಗಳು, ನಡುವೆ ಕೊರಕಲು, ಜಾಲಿ ಪೊದೆ, ಅಲ್ಲಲ್ಲಿ ಅಂಗೈಯಷ್ಟು ಬಯಲು. ಇಂಥ ನೆಲ ಬೇಕೆಂದರೂ ಎಲ್ಲರಿಗೂ ಸಿಗುವುದಿಲ್ಲ.

ಸ್ವಾಗತ ಸಮಿತಿಯ ಅಧ್ಯಕ್ಷರು ಚಳ್ಳಕೆರೆಯ ಎಣ್ಣೆಗಿರಣಿ ಮಾಲೀಕರಾದ ರುದ್ರಪ್ಪನವರು. ಕೊಡುಗೈ ಮನುಷ್ಯ, ಆದರೆ ತಮ್ಮ ಮಾತು ನಡೆದೇ ಅಭ್ಯಾಸ. ಜಾಗದ ಹೆಸರು ಕೇಳಿದ್ದೇ ಅವರ ಮುಖ ಗಂಟಾಯಿತು.

"ನೋಡ್ರಿ ಮೇಡಂ, ಆ ಗುಡ್ಡದಾಗೆ ಕರಡಿ ಐತೆ. ಹೆಣ್ಮಕ್ಳನ್ನ ಅಲ್ಲಿ ಬಿಡ್ತೀನಿ ಅಂತೀರಲ್ಲ! ಉಳ್ಳಾರ್ತಿ ಕಾವಲಿನ ಆಚೆ ಎಷ್ಟ್ ಚೆಂದ ಬಯಲೈತೆ. ಅಲ್ಲಿ ಮಾಡ್ರಿ. ಬಂದ ಅತಿಥಿಗಳಿಗೂ ಕುಂತಲ್ಲೇ ಕಾಣ್ತೈತೆ."

"ಬಯಲಲ್ಲಿ ಬಾವುಟ ಒಂದು ಮೈಲಿ ದೂರದಿಂದ ಕಾಣುತ್ತೆ ಸರ್. ಆಗ ನಕ್ಷೆ ಯಾಕೆ? ಸುಮ್ಮನೆ ಓಟದ ಪಂದ್ಯ ಮಾಡಿಬಿಡೋಣ."

"ಯಾರಿಗಾದ್ರೂ ಏನಾದ್ರೂ ಆದ್ರೆ?"

"ನಾನು ಜವಾಬ್ದಾರಿ. ಬರೆದುಕೊಡ್ತೀನಿ."

ಅವರು ನಿಜವಾಗಿಯೂ ಹಾಳೆ ಮುಂದಿಟ್ಟರು. ನಾನೂ ನಿಜವಾಗಿಯೂ ಬರೆದು ರುಜು ಹಾಕಿದೆ. ಹಳ್ಳಿ ಮಕ್ಕಳಿಗೆ ಸಲೀಸಾದದ್ದೇ ಸಾಕು ಎಂಬ ಮಾತನ್ನು ಮೂವತ್ತು ವರ್ಷ ಕೇಳಿ ಕೇಳಿ ನನಗೆ ರೋಸಿಹೋಗಿತ್ತು.

ಅಪ್ಪಣೆ ಕೊಡಬೇಕಾದ ಇಲಾಖೆಗಳಿಂದ ಪತ್ರ ತಂದೆ. ಏಳು ಭಾನುವಾರ ಗುಡ್ಡದಲ್ಲಿ ಅಲೆದು ನಕ್ಷೆ ತಿದ್ದಿದೆ. ಜೊತೆಗಿದ್ದವಳು ಬೋರಕ್ಕ. ಸಿದ್ದಾಪುರದವಳು, ಅರವತ್ತು ದಾಟಿದವಳು, ಹುಟ್ಟಿದಾಗಿನಿಂದ ಆ ಬಂಡೆಗಳಲ್ಲಿ ಮೇಕೆ ಮೇಯಿಸಿದವಳು. ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮೇಕೆಗಳನ್ನು ಬೈಯುತ್ತ ನನಗೆ ಪ್ರತಿ ಸಂದಿಯನ್ನೂ ತೋರಿಸಿದಳು. ಕರಡಿ ಮಲಗುವ ಗವಿಗಳು ಮೂಡಣ ಗುಡ್ಡದಲ್ಲಿವೆ, ಈಚೆ ಗುಡ್ಡಕ್ಕೆ ಅವು ಹಗಲು ಬರುವುದಿಲ್ಲ ಎಂದು ಹೆಜ್ಜೆ ಗುರುತು, ಲದ್ದಿ ತೋರಿಸಿ ಮನದಟ್ಟು ಮಾಡಿದಳು. ಮೂಡಣ ಗುಡ್ಡವನ್ನೂ ಅಶೋಕನ ಶಾಸನವಿರುವ ಕಡೆಯನ್ನೂ ನಕ್ಷೆಯಲ್ಲಿ ನೇರಳೆ ಗೆರೆ ಎಳೆದು ನಿಷಿದ್ಧ ಮಾಡಿದೆ.

ಆಟದ ಒಂದು ದೊಡ್ಡ ಪಾಠವನ್ನೂ ಅವಳೇ ಕಲಿಸಿದಳು. ಒಂಬತ್ತನೇ ಕಂಟ್ರೋಲನ್ನು ನಾನು ಒಂದು ಬಂಡೆಯ ಬಿರುಕಿನೊಳಗೆ, ಬಗ್ಗಿ ನೋಡಿದರೆ ಮಾತ್ರ ಕಾಣುವಂತೆ ಕಟ್ಟಲು ಹೊರಟಿದ್ದೆ. ಕಷ್ಟವಾಗಲಿ ಎಂಬ ಹುಮ್ಮಸ್ಸು. ಬೋರಕ್ಕ ನಕ್ಕುಬಿಟ್ಟಳು.

"ಅಲ್ರೀ ಮೇಡಂ, ಇಷ್ಟ್ ದೂರ ಗುಡ್ಡ ಓದ್ಕೊಂಡ್ ಬಂದ ಹುಡುಗಿಗೆ ಬಾವುಟ ಬಚ್ಚಿಟ್ರೆ, ಅದು ಅವಳಿಗೆ ಮಾಡೋ ಮೋಸ ಅಲ್ವಾ?"

ನಾಚಿಕೆಯಾಯಿತು. ಕಷ್ಟ ಇರಬೇಕಾದ್ದು ಅಲ್ಲಿಗೆ ತಲುಪುವುದರಲ್ಲಿ, ತಲುಪಿದ ಮೇಲೆ ಹುಡುಕುವುದರಲ್ಲಲ್ಲ. ಸರಿಯಾದ ಜಾಗಕ್ಕೆ ಬಂದವರಿಗೆ ಬಾವುಟ ಕಣ್ಣಿಗೆ ಹೊಡೆಯಬೇಕು. ಅದನ್ನು ಹೊರಕ್ಕೆ ತಂದು, ಕೊರಕಲಿನ ತಲೆಯಲ್ಲಿ, ಎದೆಮಟ್ಟಕ್ಕೆ ಕಟ್ಟಿಸಿದೆ. ಕೋರ್ಸ್ ತನಿಖೆಗೆ ಬಂದ ಕಂಟ್ರೋಲರ್, ಸೈನ್ಯದಿಂದ ನಿವೃತ್ತರಾದ ಸುಬೇದಾರ್ ಪೊನ್ನಪ್ಪನವರು, ಪ್ರತಿ ಬಾವುಟವನ್ನೂ ನಕ್ಷೆಯೊಂದಿಗೆ ತಾಳೆ ನೋಡಿ ಒಪ್ಪಿಗೆ ಕೊಟ್ಟರು. ಹುಡುಗಿಯರ ಕೋರ್ಸ್ ಮೂರು ಕಿಲೋಮೀಟರ್ ನೂರು ಮೀಟರ್, ಹದಿನಾಲ್ಕು ಕಂಟ್ರೋಲ್, ಗರಿಷ್ಠ ಕಾಲಾವಧಿ ತೊಂಬತ್ತು ನಿಮಿಷ.

ಸ್ಪರ್ಧೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಹುಡುಗಿಯನ್ನು ಬಿಟ್ಟೆವು. ಆಮೇಲೆ ಎರಡು ನಿಮಿಷಕ್ಕೊಬ್ಬರಂತೆ, ಅವಳೂ ಸೇರಿ ಒಟ್ಟು ಇಪ್ಪತ್ತೆರಡು ಜನ. ಎಲ್ಲರ ಕೊರಳಲ್ಲೂ ಸೀಟಿ. ಎಲ್ಲರಿಗೂ ಒಂದೇ ಸೂಚನೆ: ಪೆಟ್ಟಾದರೆ ಸೀಟಿ ಊದು, ಆಟ ಸಾಕೆನಿಸಿದರೆ ಪಡುವಣಕ್ಕೆ ನಡೆ, ಬಂಡಿ ಜಾಡು ಸಿಗುತ್ತದೆ. ಮೊದಲು ಬಂದವಳ ಕಾಲ ಮೂವತ್ತನಾಲ್ಕು ನಿಮಿಷ. ಮೈಯೆಲ್ಲ ಧೂಳು, ಮುಖದ ತುಂಬ ನಗು. ಒಬ್ಬೊಬ್ಬಳು ಬಂದಾಗಲೂ ನಕ್ಷೆ ಹರಡಿಕೊಂಡು "ನೀನ್ ಎಂಟರಿಂದ ಹೆಂಗ್ ಹೋದೆ?" ಎಂದು ಜಗಳದಂತೆ ಮಾತಾಡುತ್ತಿದ್ದರು. ಓಟ ಚೆನ್ನಾಗಿತ್ತೋ ಇಲ್ಲವೋ ತಿಳಿಯಲು ಅದಕ್ಕಿಂತ ಬೇರೆ ಗುರುತು ಬೇಕಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಇಪ್ಪತ್ತೊಂದು ಜನ ವಾಪಸಾಗಿದ್ದರು. ಸುನೀತಾ ಬಂದಿರಲಿಲ್ಲ.

ಸುನೀತಾ, ಬಿ.ಜಿ. ಕೆರೆ ಎಂಬ ಊರಿನ ಕೂಲಿಕಾರರ ಮಗಳು, ಪಿಯುಸಿ ಮೊದಲ ವರ್ಷ. ಈ ಆಟಕ್ಕೆ ಬಂದು ನಾಲ್ಕೇ ತಿಂಗಳಾಗಿತ್ತು. ಒಂಬತ್ತು ಇಪ್ಪತ್ತಕ್ಕೆ ಹೊರಟವಳು ಹತ್ತು ಐವತ್ತರೊಳಗೆ ಬರಬೇಕಿತ್ತು. ಹನ್ನೊಂದು ಹತ್ತಾಯಿತು. ರುದ್ರಪ್ಪನವರು ನನ್ನೆದುರು ಬಂದು ನಿಂತರು.

"ಹೇಳಿರ್ಲಿಲ್ವಾ ನಾನು? ಆ ಹುಡುಗಿ ಅವ್ವಂಗೆ ಏನ್ ಹೇಳ್ತೀರಿ ಈಗ? ಮೈಕ್ ಕೊಡ್ರಿ ಇಲ್ಲಿ. ಎಲ್ರನ್ನೂ ಗುಡ್ಡ ಹತ್ತಿಸ್ತೀನಿ."

ನಾನು ಮೈಕು ಬಿಡಲಿಲ್ಲ. "ನಕ್ಷೆ ಓದಲು ಬಾರದ ನೂರು ಜನ ಹತ್ತಿದರೆ ಸಂಜೆಗೆ ನೂರಾ ಒಂದು ಜನರನ್ನ ಹುಡುಕಬೇಕಾಗುತ್ತೆ ಸರ್. ನನಗೆ ಒಂದು ಗಂಟೆ ಕೊಡಿ. ಆಮೇಲೆ ನೀವು ಹೇಳಿದಂತೆ."

ಪೊನ್ನಪ್ಪನವರನ್ನು ಪಡುವಣದ ಜಾಡಿನ ಕಾವಲಿಗೆ ಬಿಟ್ಟೆ. ಹುಡುಗಿಯರನ್ನು ಕೂರಿಸಿ ಒಬ್ಬೊಬ್ಬರನ್ನೇ ಕೇಳಿದೆ. ಇಬ್ಬರು ಅವಳನ್ನು ಎಂಟನೇ ಕಂಟ್ರೋಲಿನಲ್ಲಿ ಕಂಡಿದ್ದರು. ಒಂಬತ್ತರ ಆಚೆ ಕಂಡವರು ಯಾರೂ ಇಲ್ಲ. ನಕ್ಷೆ ಬಿಡಿಸಿದೆ. ಎಂಟರಿಂದ ಮೇಲಕ್ಕೆ ಒಂದರ ಪಕ್ಕ ಒಂದು ಎರಡು ಕೊರಕಲು ಹೋಗುತ್ತವೆ, ನೋಡಲು ಅವಳಿ ಮಕ್ಕಳ ಹಾಗೆ. ಒಂಬತ್ತಿರುವುದು ಬಲಗಡೆಯದರಲ್ಲಿ. ಎಡಗಡೆಯದಕ್ಕೆ ಹೊಕ್ಕವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಬಾವುಟವೊಂದನ್ನು ಬಿಟ್ಟು. ಅವಳು ಎಡಕ್ಕೆ ಹೋಗಿದ್ದಾಳೆ ಎಂದು ಮನಸ್ಸು ಹೇಳಿತು. ಆದರೆ ಸೀಟಿ ಯಾಕೆ ಕೇಳಿಸಲಿಲ್ಲ? ಊದಲಾಗದಷ್ಟು ಪೆಟ್ಟಾಗಿದೆಯೆ? ಆ ಪ್ರಶ್ನೆಯನ್ನು ಯಾರ ಮುಂದೆಯೂ ಹೇಳದೆ, ಬೋರಕ್ಕನನ್ನು ಕರೆದುಕೊಂಡು ಗುಡ್ಡ ಹತ್ತಿದೆ. ಅವಳು ನನಗಿಂತ ಹಿರಿಯಳು, ನನಗಿಂತ ಬೇಗ ಹತ್ತಿದಳು. ಕೋಲಿನಿಂದ ಪೊದೆ ಸರಿಸುತ್ತ, "ಕರಡಿ ಜಾಡೇನಿಲ್ಲ, ನಡೀರಿ" ಎಂದಳು. ಎಡಗಡೆಯ ಕೊರಕಲಿನಲ್ಲಿ ಹೊಸ ಶೂ ಗುರುತುಗಳು ಕಂಡವು. ಮೇಲಕ್ಕೆ ಹೋದವು, ಕೆಳಕ್ಕೆ ಬಂದವು, ಮತ್ತೆ ಮೇಲಕ್ಕೆ.

ಎರಡು ಕೊರಕಲುಗಳ ನಡುವಿನ ದಿಬ್ಬದಲ್ಲಿ, ಚಪ್ಪಟೆ ಬಂಡೆಯೊಂದರ ಮೇಲೆ ಸುನೀತಾ ನಿಂತಿದ್ದಳು. ಮೊಣಕಾಲು ಕೆತ್ತಿಹೋಗಿ ರಕ್ತ ಒಣಗಿತ್ತು. ನಕ್ಷೆಯನ್ನು ಉತ್ತರಕ್ಕೆ ಸರಿಯಾಗಿ ಹಿಡಿದು, ಹೆಬ್ಬೆರಳನ್ನು ಒಂದು ಕಡೆ ಒತ್ತಿಕೊಂಡು ಗುಡ್ಡವನ್ನು ದಿಟ್ಟಿಸುತ್ತಿದ್ದಳು.

"ಸೀಟಿ ಯಾಕೆ ಊದಲಿಲ್ಲ?" ಕೇಳುವಾಗ ನನ್ನ ದನಿ ಗದರಿದಂತಾಯಿತು.

ಅವಳಿಗೆ ಆಶ್ಚರ್ಯ. "ಯಾಕ್ ಊದ್ಲಿ ಮೇಡಂ? ನಾನೇನು ಕಳೆದೋಗಿಲ್ಲ. ಒಂಬತ್ತು ಸಿಗ್ತಿಲ್ಲ, ಹುಡುಕ್ತಾ ಇದೀನಿ. ನೀವೇ ಹೇಳಿದ್ರಲ್ಲ, ಗೊತ್ತಿರೋ ಜಾಗಕ್ಕೆ ವಾಪಸ್ ಹೋಗಿ ಮತ್ತೆ ಶುರು ಮಾಡು ಅಂತ. ಎಂಟಕ್ಕೆ ಮೂರ್ ಸಲ ವಾಪಸ್ ಹೋಗಿ ಬಂದೆ."

ಬೋರಕ್ಕ ಬಲಕ್ಕೆ ಕೈ ಎತ್ತಿದಳು. ನಾನು ಆ ಕೈಯನ್ನು ಹಿಡಿದು ಇಳಿಸಿದೆ. ಓಟದಲ್ಲಿರುವವರಿಗೆ ದಾರಿ ತೋರಿಸುವಂತಿಲ್ಲ.

"ಟೈಮ್ ಮುಗೀತಾ ಮೇಡಂ?"

"ಮುಗಿದಿದೆ."

"ಅಂದ್ರೆ ರಿಸಲ್ಟ್‌ನಾಗೆ ನನ್ ಹೆಸರು ಬರಲ್ಲ."

"ಬರಲ್ಲ."

ಅವಳು ಒಂದು ಗಳಿಗೆ ನಕ್ಷೆ ನೋಡಿದಳು. "ಬರದಿದ್ರೆ ಬಿಡ್ಲಿ. ನಾನಂತೂ ಮುಗಿಸಿಯೇ ಬರ್ತೀನಿ."

ಆ ಬಂಡೆಯ ಮೇಲೆ ಫೋನಿಗೆ ಸಿಗ್ನಲ್ ಇತ್ತು. ಹುಡುಗಿ ಕ್ಷೇಮ ಎಂದು ಪೊನ್ನಪ್ಪನವರಿಗೆ ಮೊದಲು ತಿಳಿಸಿ, ರುದ್ರಪ್ಪನವರಿಗೆ ಕರೆ ಮಾಡಿದೆ. ಅವರು ನಿಟ್ಟುಸಿರು ಬಿಟ್ಟದ್ದು ಇಲ್ಲಿಗೇ ಕೇಳಿಸಿತು. ಮರುಕ್ಷಣ ಹಳೆಯ ದನಿ: "ಜಾಡಿಗೆ ಜೀಪ್ ಕಳಿಸ್ತೀನಿ. ಕೂರಿಸ್ಕೊಂಡು ಬಂದ್ಬಿಡ್ರಿ."

"ಜೀಪು ಬೇಡ ಸರ್. ಇನ್ನೂ ಆರು ಕಂಟ್ರೋಲ್ ಬಾಕಿ ಇವೆ."

"ನಿಮಗೇನ್ ತಲೆ ಕೆಟ್ಟೈತೇನ್ರಿ?"

"ಅವಳು ನಡೀತಾಳೆ. ನಾನು ಹಿಂದೆ ಇರ್ತೀನಿ. ಕೂರಿಸೋ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ" ಎಂದು ಫೋನ್ ಇಟ್ಟೆ. ಅಷ್ಟು ಹೊತ್ತಿಗೆ ಅವಳ ಮೊಣಕಾಲು ತೊಳೆದು ನೋಡಿದ್ದೆ. ಚರ್ಮ ಕಿತ್ತಿತ್ತು ಅಷ್ಟೆ, ಮೂಳೆಗೆ ಏನೂ ಆಗಿರಲಿಲ್ಲ. ಆಗಿದ್ದರೆ ನಾನೇ ಹೊತ್ತು ತರುತ್ತಿದ್ದೆ.

ಹದಿನೈದು ಹೆಜ್ಜೆ ಹಿಂದೆ ನಾನು, ನನ್ನ ಹಿಂದೆ ಬೋರಕ್ಕ. ಸುನೀತಾ ನಾಲ್ಕನೇ ಸಲ ಎಂಟಕ್ಕೆ ಇಳಿದಳು. ಈ ಸಲ ಹತ್ತುವ ಮುಂಚೆ ಎರಡೂ ಕೊರಕಲಿನ ಬಾಯಿಯನ್ನು ನೋಡಿದಳು, ನಕ್ಷೆ ನೋಡಿದಳು, ದಿಕ್ಸೂಚಿ ನೋಡಿದಳು. ಬಲಕ್ಕೆ ತಿರುಗಿದಳು. ಕೊರಕಲಿನ ತಲೆಯಲ್ಲಿ ಕಿತ್ತಳೆ ಬಣ್ಣ ಕಂಡಾಗ ಅವಳು ಕೂಗಲಿಲ್ಲ, ಕುಣಿಯಲಿಲ್ಲ. ಹೋಗಿ ತೂತು ಹಾಕಿಕೊಂಡು "ಇಲ್ಲೇ ಇತ್ತಲ್ಲೇ!" ಎಂದು ತನ್ನನ್ನೇ ಬೈದುಕೊಂಡಳು. ಬೋರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಬರೆದ ಕೋರ್ಸನ್ನು ಓಡುವವರ ಕಣ್ಣಿಂದ ನಾನು ನೋಡಿದ್ದು ಅವತ್ತೇ ಮೊದಲು. ಹತ್ತು, ಹನ್ನೊಂದು ಚೆನ್ನಾಗಿದ್ದವು. ಅವಳು ತಡವರಿಸಿದಳು, ತಿದ್ದಿಕೊಂಡಳು. ಹನ್ನೊಂದರಿಂದ ಹನ್ನೆರಡಕ್ಕೆ ಮಾತ್ರ ಮುನ್ನೂರು ಮೀಟರ್ ಬಂಡಿ ಜಾಡು. ಅವಳು ನಕ್ಷೆ ಮಡಚಿ ಸುಮ್ಮನೆ ಕೈ ಬೀಸಿಕೊಂಡು ನಡೆದಳು. ನೋಡಿ ನನಗೇ ಬೇಸರವಾಯಿತು. ಅತಿಥಿಗಳಿಗೆ ಫೋಟೊ ಸಿಗಲಿ, ರುದ್ರಪ್ಪನವರಿಗೆ ಸಮಾಧಾನವಾಗಲಿ ಎಂದು ನಾನೇ ಸೇರಿಸಿದ ತುಂಡು ಅದು. ಇಡೀ ಕೋರ್ಸಿನಲ್ಲಿ ಅದೊಂದನ್ನು ನನ್ನ ಅಂಜಿಕೆ ಬರೆದಿತ್ತು.

ಹನ್ನೆರಡು ನಲವತ್ತೆಂಟಕ್ಕೆ ಅವಳು ಕೊನೆಯ ಗೆರೆ ದಾಟಿದಳು. ಜಾಡಿನಿಂದ ಮರಳಿದ್ದ ಪೊನ್ನಪ್ಪನವರು ಗಡಿಯಾರ ನಿಲ್ಲಿಸದೆ ಕಾದಿದ್ದರು. ಕಾರ್ಡಿನ ಹದಿನಾಲ್ಕೂ ತೂತು ಪರೀಕ್ಷಿಸಿ, ಸೈನ್ಯದ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಮೂರು ಗಂಟೆ ಇಪ್ಪತ್ತೆಂಟು ನಿಮಿಷ. ಎಲ್ಲ ಕಂಟ್ರೋಲ್ ಸರಿ." ರುದ್ರಪ್ಪನವರು ಒಂದು ಬಾಳೆಹಣ್ಣು ಸುಲಿದು ಅವಳ ಕೈಗಿಟ್ಟರು. ಅವರಿಗೂ ಹೆಣ್ಣುಮಕ್ಕಳಿದ್ದಾರೆ. ಅವರ ಭಯವನ್ನು ನಾನು ಹಗುರವಾಗಿ ಕಾಣಲಾರೆ.

ಆದರೆ ಭಯ ಇಳಿದ ಮೇಲೆ ಇಲಾಖೆಗೆ ನನ್ನ ಮೇಲೆ ದೂರು ಬರೆದರು. ಹದಿನೈದು ದಿನಕ್ಕೆ ಮೇಲಿನಿಂದ ನನಗೆ ಮೂರು ಪ್ರಶ್ನೆಗಳ ನೋಟಿಸು ಬಂತು. ಕ್ಷಮೆ ಕೇಳಿ ಎರಡು ಸಾಲು ಬರೆದರೆ ಮುಗಿಯುತ್ತೆ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ನಾನು ನಾಲ್ಕು ಪುಟ ಬರೆದೆ, ನಕ್ಷೆ ಲಗತ್ತಿಸಿದೆ. ಅವಧಿ ಮುಗಿದ ಕೂಡಲೆ ಹುಡುಕಾಟ ಶುರು ಮಾಡದೆ ಇಪ್ಪತ್ತು ನಿಮಿಷ ಕಾದದ್ದು ನನ್ನ ತಪ್ಪು ಎಂದು ಒಪ್ಪಿಕೊಂಡೆ. ಬಂಡೆಗುಡ್ಡ ಆರಿಸಿದ್ದು ತಪ್ಪೆಂದು ಒಪ್ಪಲಿಲ್ಲ. "ಮುಂದೆ ಇಂಥ ಲೋಪವಾಗದಂತೆ ಕೈಗೊಳ್ಳುವ ಕ್ರಮವೇನು?" ಎಂಬುದಕ್ಕೆ, "ಹನ್ನೊಂದು ಮತ್ತು ಹನ್ನೆರಡರ ನಡುವಿನ ಸಲೀಸು ದಾರಿಯನ್ನು ತೆಗೆದುಹಾಕುತ್ತೇನೆ" ಎಂದು ಬರೆದೆ. ಆ ಪತ್ರಕ್ಕೆ ಉತ್ತರ ಬರಲಿಲ್ಲ. ಮರುವರ್ಷ ಪ್ಲಾನರ್ ಕೆಲಸವೂ ಬರಲಿಲ್ಲ. ಸ್ಪರ್ಧೆ ಬಯಲಿನಲ್ಲಿ ನಡೆಯಿತು. ಯಾರೂ ದಾರಿ ತಪ್ಪಲಿಲ್ಲವಂತೆ.

ಈಗ ನಿವೃತ್ತಳು. ಚಳಿಗಾಲದ ಭಾನುವಾರಗಳಲ್ಲಿ, ಬರಲು ಒಪ್ಪುವ ಮಕ್ಕಳನ್ನು ಅವರ ಮನೆಯವರ ಒಪ್ಪಿಗೆ ಕೇಳಿ ಆ ಗುಡ್ಡಕ್ಕೇ ಕರೆದೊಯ್ಯುತ್ತೇನೆ. ವೃತ್ತಿ ನನಗೆ ಕಲಿಸಿದ್ದು ಇಷ್ಟು: ಮಕ್ಕಳು ದಾರಿ ತಪ್ಪದಂತೆ ನೋಡಿಕೊಳ್ಳುವುದು ಸುಲಭ, ಎಲ್ಲಿಗೂ ಕಳಿಸದಿದ್ದರಾಯಿತು. ತಪ್ಪಿದ ಮೇಲೆ ತಾನೆಲ್ಲಿದ್ದೇನೆಂದು ತಾನೇ ಕಂಡುಕೊಳ್ಳಲು ಕಲಿಸುವುದು ಕಷ್ಟ. ಸರ್ಕಾರ ನನಗೆ ಸಂಬಳ ಕೊಟ್ಟದ್ದು ಆ ಕಷ್ಟದ ಕೆಲಸಕ್ಕೆ ಎಂದೇ ನಾನು ತಿಳಿದಿದ್ದೇನೆ. ಅಲ್ಲ ಎನ್ನುವವರು ಒಂದು ದಿನ ನಕ್ಷೆ ಹಿಡಿದು ಗುಡ್ಡಕ್ಕೆ ಬರಲಿ.